30 ದಾಟಿದವರಿಗೆ ಅಂತರಶಿಸ್ತೀಯ ಡಿಗ್ರಿ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಕಾಲೇಜಲ್ಲಿ ಸಮಾಜಶಾಸ್ತ್ರ ಪಾಠ ಮಾಡ್ತೀನಿ, 18 ವರ್ಷದ ಸರ್ವೀಸು. ಕೆಲಸ ಮಾಡ್ತಾ ಇರೋರು, ಸಂಸಾರ ಅಂತ ಅರ್ಧಕ್ಕೆ ಓದು ನಿಲ್ಲಿಸಿದೋರು, ಅಂಥ 30ರಿಂದ 60 ವಯಸ್ಸಿನವರಿಗೆ ಒಂದು ಅಂತರಶಿಸ್ತೀಯ ಡಿಗ್ರಿ (ಬೇರೆ ಬೇರೆ ಶಿಸ್ತುಗಳನ್ನ, ಅಂದ್ರೆ ಓದಿನ ವಿಷಯಗಳನ್ನ, ಸೇರಿಸಿ ಕಲಿಸೋದು) ಶುರು ಮಾಡಬೇಕು, ಪ್ಲಾನ್ ನೀವೇ ಮಾಡಿ ಅಂತ ನನಗೆ ಒಪ್ಪಿಸಿದ್ದಾರೆ. ಸ್ಟಾಫ್ ರೂಮಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ ಒಬ್ಬ ಹಿರಿಯ ಸಹೋದ್ಯೋಗಿ. ನಾಲ್ಕು ಡಿಪಾರ್ಟ್‌ಮೆಂಟಿನ ಪೇಪರ್ ಸೇರಿಸಿದ್ರೆ ಕಲಸುಮೇಲೋಗರ ಆಗುತ್ತೆ, ಯಾವುದರಲ್ಲೂ ಆಳ ಇರಲ್ಲ ಅಂತಾರೆ ಇನ್ನೊಬ್ಬರು. ಕೆಲಸದ ಅನುಭವಕ್ಕೂ ಕ್ರೆಡಿಟ್ (ಡಿಗ್ರಿ ಮುಗಿಸೋಕೆ ಕೂಡಿಸಬೇಕಾದ ಅಂಕ) ಕೊಡೋಣ ಅಂದ್ರೆ ಡಿಗ್ರಿನ ಮಾರಾಟಕ್ಕಿಟ್ಟ ಹಾಗಾಯ್ತು ಅಂತಾರೆ. ನನ್ನ ಭಯ ಬೇರೆ. ಇಷ್ಟು ವರ್ಷ ಆದ್ಮೇಲೆ ಧೈರ್ಯ ಮಾಡಿ ಬಂದೋರು ಮೊದಲ ಸೆಮಿಸ್ಟರಲ್ಲೇ ಬಿಟ್ಟು ಹೋದ್ರೆ ಇನ್ಯಾವತ್ತೂ ಕಾಲೇಜ್ ಕಡೆ ತಿರುಗಿ ನೋಡಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಸ್ಟಾಫ್ ರೂಮಲ್ಲಿ ಕೇಳಿದ ಮೂರು ಮಾತಿಗಿಂತ ಕೊನೆಯಲ್ಲಿ ನೀವು ಹೇಳಿದ ಭಯಾನೇ ದೊಡ್ಡದು, ನಾನು ಈ ಥರದ ಕೋರ್ಸ್‌ಗಳನ್ನ ಕಟ್ಟೋ ಕೆಲಸದಲ್ಲಿ 20 ವರ್ಷಕ್ಕೂ ಹೆಚ್ಚು ಇದ್ದೀನಿ, ಬಿಟ್ಟು ಹೋದೋರ ಮುಖಗಳು ನನಗೆ ಇವತ್ತಿಗೂ ನೆನಪಿವೆ. ಅವರಲ್ಲಿ ತಲೆಗೆ ಹತ್ತಲಿಲ್ಲ ಅಂತ ಹೋದೋರು ಬೆರಳೆಣಿಕೆಯಷ್ಟು ಜನ. ಉಳಿದೋರೆಲ್ಲ ಹೋಗಿದ್ದು ನಾವು ಕೋರ್ಸ್ ಕಟ್ಟಿದ ರೀತಿಯಿಂದ. ಹಾಗಾಗಿ ಇದು ಕೈಮೀರಿದ ವಿಷಯ ಅಲ್ಲ, ಪ್ಲಾನ್ ಮಾಡೋರ ಕೈಯಲ್ಲೇ ಇದೆ.

ಮೊದಲು ಆ ಮರ ಬಗ್ಗೋ ಮಾತು. ವಯಸ್ಸಾದ್ಮೇಲೆ ಕಲಿಯೋ ಶಕ್ತಿ ಕುಗ್ಗುತ್ತೆ ಅನ್ನೋದರಲ್ಲಿ ಒಂದು ಪಾಲು ನಿಜ ಇದೆ, ಆ ಪಾಲು ಯಾವುದು ಅಂತ ಬಿಡಿಸಿ ನೋಡಬೇಕು. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಬುದ್ಧಿಶಕ್ತೀಲಿ ಎರಡು ಬಗೆ ಗುರುತಿಸಿದ್ರು. ಒಂದು, ಹೊಚ್ಚ ಹೊಸ ಸಮಸ್ಯೆನ ಹಿಂದಿನ ತಿಳುವಳಿಕೆಯ ಆಸರೆ ಇಲ್ಲದೆ ಚಕಚಕ ಬಿಡಿಸೋದು. ಇನ್ನೊಂದು, ಬದುಕಿನಲ್ಲಿ ಕೂಡಿಟ್ಟ ಜ್ಞಾನ, ಭಾಷೆ, ತೀರ್ಮಾನ ಮಾಡೋ ಪಳಗಿಕೆ. ಮೊದಲನೇದು ಹರೆಯದಲ್ಲೇ ಏರಿ ಆಮೇಲೆ ಮೆಲ್ಲಗೆ ಇಳಿಯುತ್ತೆ, ಎರಡನೇದು ನಡುವಯಸ್ಸಿನವರೆಗೂ ಬೆಳೀತಾನೇ ಇರುತ್ತೆ. ವಾರ್ನರ್ ಶಾಯೆ ಅನ್ನೋರು 1956ರಲ್ಲಿ ಸಿಯಾಟಲ್‌ನಲ್ಲಿ ಶುರು ಮಾಡಿದ ಅಧ್ಯಯನ ಇದೆಯಲ್ಲ, ಅದೇ ಜನರನ್ನ ಏಳೇಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡ್ತಾ ಹೋದದ್ದು, ಅಲ್ಲೂ ಹೆಚ್ಚಿನ ಸಾಮರ್ಥ್ಯಗಳು 60ರ ಹತ್ತಿರದವರೆಗೆ ಹೇಳಿಕೊಳ್ಳೋವಷ್ಟು ಕುಗ್ಗಲ್ಲ ಅಂತಾನೇ ಕಂಡುಬಂತು. ಬೇಗ ಕಮ್ಮಿ ಆಗೋದು ವೇಗ. ನಾವು ಮೂರು ಗಂಟೆಯ ಪರೀಕ್ಷೇಲಿ ಅಳೆಯೋದೂ ಬಹುಪಾಲು ಆ ವೇಗವನ್ನೇ ಅನ್ನೋದನ್ನ ನಿಮ್ಮ ಸಹೋದ್ಯೋಗಿಗೆ ದಯವಿಟ್ಟು ಹೇಳಿ. ಅದೇ ಪ್ರಶ್ನೆಪತ್ರಿಕೆನ ಮನೆಗೆ ಕೊಟ್ಟು ನಾಲ್ಕು ದಿನ ಬಿಟ್ಟು ಉತ್ತರ ಇಸ್ಕೊಳ್ಳಿ, ಹಿಂದೆ ಬಿದ್ದಿದ್ದಾರೆ ಅಂದುಕೊಂಡೋರು ಬರೆದದ್ದು ಓದಿ ನೀವೇ ಎದ್ದು ಕೂತ್ಕೋತೀರಿ.

ಇನ್ನು ಹಿರಿಯ ವಿದ್ಯಾರ್ಥಿಗಳಿಗೆ ಅಂತಲೇ ಕಾಲೇಜ್ ಅನ್ನೋದು ಈಗ ಹುಟ್ಟಿದ ಫ್ಯಾಷನ್ ಅಲ್ಲ. ದುಡಿಯೋರಿಗೆ ಸಂಜೆ ಪಾಠ ಹೇಳ್ತಾ ಬಂದಿರೋ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಮೂಲ 1823ರದ್ದು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ ಹಿಂದಿನ ಯಾವ ಸರ್ಟಿಫಿಕೇಟೂ ಕೇಳದೆ 20 ಸಾವಿರಕ್ಕೂ ಹೆಚ್ಚು ಜನರನ್ನ ಸೇರಿಸಿಕೊಳ್ತು, ಅವರಿಗೆ ಮೊದಲು ಕೊಟ್ಟಿದ್ದು ಒಂದೊಂದು ಸಬ್ಜೆಕ್ಟಿನ ಪೇಪರ್ ಅಲ್ಲ, ಕಲೆ, ಸಮಾಜವಿಜ್ಞಾನ, ವಿಜ್ಞಾನ, ಗಣಿತ ಅಂತ ಅಗಲವಾದ ಫೌಂಡೇಶನ್ ಕೋರ್ಸ್‌ಗಳನ್ನ. ಅಮೆರಿಕದ ಓಕ್ಲಹೋಮ ವಿಶ್ವವಿದ್ಯಾಲಯ 1960ರ ದಶಕದ ಶುರುವಲ್ಲೇ ದುಡಿಯೋರಿಗೆ ಅಂತ ಒಂದು ಲಿಬರಲ್ ಸ್ಟಡೀಸ್ ಡಿಗ್ರಿ ತಂತು, ಮಾನವಿಕ, ವಿಜ್ಞಾನ, ಸಮಾಜವಿಜ್ಞಾನ ಮೂರೂ ಮುಗಿಸಿ, ಕೊನೆಗೆ ಈ ಮೂರನ್ನ ಜೋಡಿಸೋಕೆ ಅಂತಲೇ ಬೇರೆ ಒಂದು ಹಂತ. ಜೋಡಿಸೋಕೆ ಅಂತಲೇ ಜಾಗ ಇಟ್ಟರಲ್ಲ, ಅದನ್ನ ಗಮನಿಸಿ, ಯಾಕಂದ್ರೆ ಕಲಸುಮೇಲೋಗರದ ಆರೋಪಕ್ಕೆ ಉತ್ತರ ಇರೋದು ಅಲ್ಲೇ.

ಆ ಆರೋಪ ಸುಳ್ಳಲ್ಲ. ತುಂಬಾ ಕಡೆ ಅಂತರಶಿಸ್ತೀಯ ಅಂತ ಬೋರ್ಡ್ ಹಾಕಿ ಮಾಡೋದು ಇಷ್ಟೇ, ಒಂದು ಡಿಪಾರ್ಟ್‌ಮೆಂಟಿಂದ ಅರ್ಥಶಾಸ್ತ್ರದ ಪೇಪರ್, ಇನ್ನೊಂದರಿಂದ ಪರಿಸರ ವಿಜ್ಞಾನ, ಮತ್ತೊಂದರಿಂದ ಇತಿಹಾಸ, ಒಬ್ಬ ಮೇಷ್ಟ್ರು ಏನು ಪಾಠ ಮಾಡ್ತಾರೆ ಅಂತ ಇನ್ನೊಬ್ಬ ಮೇಷ್ಟ್ರಿಗೆ ಗೊತ್ತಿಲ್ಲ, ಇವೆಲ್ಲ ಸೇರಿ ಏನಾಯ್ತು ಅಂತ ವಿದ್ಯಾರ್ಥಿ ತಾನೇ ಕಂಡುಕೊಳ್ಳಬೇಕು. 1970ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಓಇಸಿಡಿ (ಮುಂದುವರಿದ ದೇಶಗಳ ಆರ್ಥಿಕ ಸಹಕಾರದ ಸಂಸ್ಥೆ) ಬೆಂಬಲದಲ್ಲಿ ಒಂದು ದೊಡ್ಡ ವಿಚಾರ ಸಂಕಿರಣ ಆಯ್ತು, ಶಿಸ್ತುಗಳನ್ನ ಪಕ್ಕಪಕ್ಕ ಇಡೋದು ಬೇರೆ, ಒಂದರ ಜೊತೆ ಒಂದು ಮಾತಾಡೋ ಹಾಗೆ ಮಾಡೋದು ಬೇರೆ ಅಂತ ಆಗಲೇ ಬಿಡಿಸಿ ಹೇಳಿದ್ರು. 50 ವರ್ಷ ಕಳೆದ್ರೂ ನಾವು ಪಕ್ಕಪಕ್ಕ ಇಟ್ಟು ಸುಮ್ಮನಾಗ್ತೀವಿ. ಜೋಡಿಸೋದು ಅತ್ಯಂತ ಕಷ್ಟದ ಕೆಲಸ, ಪ್ರೊಫೆಸರ್‌ಗಳೇ ಕೂತು ಮಾಡೋಕೆ ಹಿಂದೆಮುಂದೆ ನೋಡೋ ಕೆಲಸ, ಅದನ್ನ ಡ್ಯೂಟಿ ಮುಗಿಸಿ ರಾತ್ರಿ ಒಂಬತ್ತಕ್ಕೆ ಪುಸ್ತಕ ತೆಗೆಯೋ ಮನುಷ್ಯನ ತಲೆ ಮೇಲೆ ಹಾಕ್ತೀವಲ್ಲ, ಇದು ನನಗೆ ಅನ್ಯಾಯ ಅನ್ಸುತ್ತೆ. ನನ್ನ ಇಡೀ ಉತ್ತರದಲ್ಲಿ ಒಂದೇ ಮಾತು ಇಟ್ಕೋತೀರಿ ಅಂದ್ರೆ ಇದನ್ನ ಇಟ್ಕೊಳ್ಳಿ: ಜೋಡಿಸೋದಕ್ಕೆ ಟೈಮ್‌ಟೇಬಲ್‌ನಲ್ಲಿ ಪೀರಿಯಡ್ ಇರಬೇಕು, ಅದನ್ನ ಹೇಳಿಕೊಡೋ ಮೇಷ್ಟ್ರು ಇರಬೇಕು, ಅದಕ್ಕೆ ಮಾರ್ಕ್ಸ್ ಇರಬೇಕು. ಈ ಮೂರರಲ್ಲಿ ಒಂದಿಲ್ಲ ಅಂದ್ರೂ ಅದು ಆಗಲ್ಲ.

ಜೋಡಣೆ ಅಂದ್ರೆ ಏನು ಅಂತ ನನ್ನ ಒಂದು ತರಗತಿ ಇಟ್ಟು ಹೇಳ್ತೀನಿ. 'ಕಾಯೋದು' ಅನ್ನೋ ವಿಷಯದ ಮೇಲೆ ಒಂದು ಕೋರ್ಸ್, ಗಣಿತದವರು ಒಬ್ಬರು, ಮನಶ್ಶಾಸ್ತ್ರದವರು ಒಬ್ಬರು, ಇಬ್ಬರೂ ಒಂದೇ ಕ್ಲಾಸಲ್ಲಿ. ವಿದ್ಯಾರ್ಥಿಗಳಲ್ಲಿ 22 ವರ್ಷ ಬಸ್ ಓಡಿಸಿದ ಡ್ರೈವರ್ ಒಬ್ಬರಿದ್ರು, ಅಲ್ಲಿವರೆಗೂ ಕೊನೇ ಬೆಂಚಲ್ಲಿ ಕೂತು ಬಾಯೇ ಬಿಟ್ಟಿರಲಿಲ್ಲ. ಗಣಿತದ ಮೇಷ್ಟ್ರು ಬೋರ್ಡ್ ಮೇಲೆ, ಹತ್ತು ನಿಮಿಷಕ್ಕೊಂದು ಬಸ್ ಇದ್ರೆ ಪ್ರಯಾಣಿಕ ಸರಾಸರಿ ಐದು ನಿಮಿಷ ಕಾಯ್ತಾನೆ ಅಂತ ಬರೆದ್ರು. ಡ್ರೈವರ್ ಅಲ್ಲಿಂದಲೇ, ಇಲ್ಲ ಸರ್, ಹಾಗೆ ಆಗೋದೇ ಇಲ್ಲ ಅಂದ್ರು. ಯಾಕೆ ಅಂತ ಕೇಳಿದ್ದಕ್ಕೆ ಎದ್ದು ಬಂದು ವಿವರಿಸಿದ್ರು: ಒಂದು ಬಸ್ ಎರಡು ನಿಮಿಷ ಲೇಟಾದ್ರೆ ಸ್ಟಾಪಲ್ಲಿ ಜನ ಜಾಸ್ತಿ ಸೇರಿರ್ತಾರೆ, ಅವರನ್ನ ಹತ್ತಿಸ್ಕೊಳ್ಳೋಷ್ಟರಲ್ಲಿ ಇನ್ನೂ ಲೇಟು, ಹಿಂದಿನ ಬಸ್ಸಿಗೆ ಜನಾನೇ ಇರಲ್ಲ, ಅದು ಬೇಗ ಬಂದು ಇದರ ಬೆನ್ನಿಗೆ ಅಂಟಿಕೊಳ್ಳುತ್ತೆ, ಕೊನೆಗೆ ಎರಡೂ ಜೊತೇಲೇ ಬರ್ತವೆ. ಮೇಷ್ಟ್ರು ತಕ್ಷಣ ಲೆಕ್ಕ ತಿದ್ದಿದ್ರು. ಅಂತರ ಒಮ್ಮೆ 5, ಒಮ್ಮೆ 15 ನಿಮಿಷ ಆದ್ರೆ ಸರಾಸರಿ ಅಂತರ ಹತ್ತೇ, ಆದ್ರೆ ಪ್ರತಿ 20 ನಿಮಿಷದಲ್ಲಿ 15 ನಿಮಿಷ ಆ ದೊಡ್ಡ ಅಂತರದ್ದೇ ಆದ್ದರಿಂದ ನಾಲ್ಕರಲ್ಲಿ ಮೂರು ಜನ ಅದರಲ್ಲೇ ಸಿಕ್ಕಿಬೀಳ್ತಾರೆ, ಸರಾಸರಿ ಕಾಯೋದು ಐದಲ್ಲ, ಆರೂಕಾಲು ನಿಮಿಷ. ಎರಡೂ ಬಸ್ ಅಂಟಿಕೊಂಡೇ ಬಂದ್ರೆ ಪೂರ್ತಿ ಹತ್ತು ನಿಮಿಷ. ಆಮೇಲೆ ಮನಶ್ಶಾಸ್ತ್ರದ ಮೇಡಂ, ಬಸ್ ಯಾವಾಗ ಬರುತ್ತೆ ಅಂತ ಗೊತ್ತಿಲ್ಲದೆ ಕಾಯೋದು ಗೊತ್ತಿದ್ದು ಕಾಯೋದಕ್ಕಿಂತ ಯಾಕೆ ಉದ್ದ ಅನ್ಸುತ್ತೆ ಅನ್ನೋದನ್ನ ಎತ್ತಿಕೊಂಡ್ರು. ಆ ಡ್ರೈವರ್ ಅವತ್ತು ಸೀಮೆಸುಣ್ಣದ ಕೈಯನ್ನ ಪ್ಯಾಂಟಿಗೆ ಒರೆಸಿಕೊಳ್ತಾ ಹೋಗಿ ಕೂತಿದ್ದು ಮೊದಲ ಬೆಂಚಲ್ಲಿ.

ಇದರಲ್ಲಿ ಆಳ ಇಲ್ಲ ಅಂತ ಯಾರಾದ್ರೂ ಹೇಳೋಕಾಗುತ್ತಾ? ಇಲ್ಲಿ ಗಣಿತ ಸಡಿಲ ಆಗಲಿಲ್ಲ, ಅನುಭವದ ಜೊತೆ ತಿಕ್ಕಾಟಕ್ಕೆ ಬಿದ್ದಿದ್ದರಿಂದ ಇನ್ನೂ ಬಿಗಿ ಆಯ್ತು. 20 ವರ್ಷದ ಹುಡುಗರ ಕ್ಲಾಸಲ್ಲಿ ಆ 'ಇಲ್ಲ ಸರ್' ಬರ್ತಾ ಇರಲಿಲ್ಲ.

ಈಗ ಸಮಯದ ವಿಷಯಕ್ಕೆ ಬರ್ತೀನಿ, ಜನ ಬಿಟ್ಟು ಹೋಗೋಕೆ ಮುಖ್ಯ ಕಾರಣ ಇದೇ. ಪೆಟ್ರೀಷಿಯಾ ಕ್ರಾಸ್ ಅನ್ನೋ ಶಿಕ್ಷಣ ತಜ್ಞೆ 1981ರಲ್ಲಿ ವಯಸ್ಕರ ಓದಿಗೆ ಅಡ್ಡ ಬರೋದನ್ನ ಮೂರಾಗಿ ವಿಂಗಡಿಸಿದ್ರು, ಬದುಕಿನ ಸ್ಥಿತಿಯಿಂದ ಬರೋದು (ಟೈಮು, ದುಡ್ಡು, ಮನೆ ಜವಾಬ್ದಾರಿ), ಸಂಸ್ಥೆಯಿಂದ ಬರೋದು (ನಮ್ಮ ಟೈಮ್‌ಟೇಬಲ್, ನಿಯಮ, ಆಫೀಸ್ ಅವರ್ಸ್), ಮನಸ್ಸಿಂದ ಬರೋದು (ನನ್ನ ಕೈಲಾಗುತ್ತಾ ಅನ್ನೋ ಅಳುಕು). ಮೊದಲನೇದನ್ನ ನಾವು ಬದಲಾಯಿಸೋಕಾಗಲ್ಲ, ಎರಡನೇದು ಪೂರ್ತಿ ನಮ್ಮ ಕೈಯಲ್ಲಿದೆ, ಮತ್ತೆ ಎರಡನೇದು ಸರಿ ಇಲ್ಲದಿದ್ರೆ ಮೂರನೇದು ತಾನಾಗೇ ದೊಡ್ಡದಾಗುತ್ತೆ.

ಪೇಪರ್ ಪೆನ್ ತಗೊಂಡು ಲೆಕ್ಕ ಹಾಕಿ. ಯುರೋಪಿನ ಕ್ರೆಡಿಟ್ ಪದ್ಧತಿ ಪ್ರಕಾರ ಒಂದು ಕ್ರೆಡಿಟ್ ಅಂದ್ರೆ 25ರಿಂದ 30 ಗಂಟೆ ಕೆಲಸ, ಡಿಗ್ರಿಗೆ ಕನಿಷ್ಠ 180 ಕ್ರೆಡಿಟ್, ಅಲ್ಲಿಗೆ ಕಮ್ಮಿ ಅಂದ್ರೂ 4500 ಗಂಟೆ. ನಿಮ್ಮ ವಿದ್ಯಾರ್ಥಿಗೆ ವಾರಕ್ಕೆ 12 ಗಂಟೆ ಸಿಗುತ್ತೆ ಅಂದುಕೊಳ್ಳಿ, ಅದೂ ಒಳ್ಳೇ ವಾರದಲ್ಲಿ. ವರ್ಷಕ್ಕೆ 40 ವಾರ ಅಂದ್ರೆ 480 ಗಂಟೆ. ಡಿಗ್ರಿ ಮುಗಿಯೋಕೆ ಒಂಬತ್ತು ವರ್ಷ ದಾಟುತ್ತೆ! ನಿಮ್ಮಲ್ಲಿ ಕ್ರೆಡಿಟ್ ಲೆಕ್ಕ ಬೇರೆ ಇರಬಹುದು, ಅದನ್ನ ಇಟ್ಟುಕೊಂಡು ಮಾಡಿ ನೋಡಿ, ಚಿತ್ರ ಬಹಳ ಬದಲಾಗಲ್ಲ. ಮೂರು ವರ್ಷದಲ್ಲಿ ಮುಗಿಸಿ ಅಂತ ಬ್ರೋಷರ್‌ನಲ್ಲಿ ಹಾಕಿ ಸೇರಿಸಿಕೊಂಡ್ರೆ ಮನುಷ್ಯ ಎರಡನೇ ತಿಂಗಳಲ್ಲೇ ಸೋಲ್ತಾನೆ, ಸೋತಿದ್ದು ತನ್ನ ದಡ್ಡತನದಿಂದ ಅಂತ ಅಂದುಕೊಂಡು ಹೋಗ್ತಾನೆ.

ಹಾಗಾಗಿ ದಾರಿ ಮಧ್ಯೆ ಮೆಟ್ಟಿಲು ಬೇಕು. ಮೂರನೇ ಒಂದು ಭಾಗ ಮುಗಿದ್ರೆ ಸರ್ಟಿಫಿಕೇಟ್, ಇನ್ನೊಂದು ಭಾಗ ಮುಗಿದ್ರೆ ಡಿಪ್ಲೊಮಾ, ಆಮೇಲೆ ಡಿಗ್ರಿ, ಪ್ರತಿ ಮೆಟ್ಟಿಲೂ ಕೈಗೆ ಒಂದು ಬೆಲೆ ಇರೋ ಕಾಗದ ಕೊಡಬೇಕು, ಅಲ್ಲಿ ನಿಂತು ವರ್ಷ ಬಿಟ್ಟು ಬಂದ್ರೂ ಹಳೇ ಕ್ರೆಡಿಟ್ ಸಾಯಬಾರದು. ಒಂದೇ ಸಲ ಐದು ಪೇಪರ್ ಬೇಡ, ಎಂಟು ವಾರಕ್ಕೆ ಒಂದೇ ಕೋರ್ಸ್, ಅದು ಮುಗಿದ ಮೇಲೆ ಮುಂದಿನದು. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಐದು ಪೇಪರ್ ನಡೀವಾಗ ಮನೇಲಿ ಒಬ್ಬರು ಆಸ್ಪತ್ರೆ ಸೇರಿದ್ರೆ ಐದೂ ಹೋಗುತ್ತೆ, ಒಂದೊಂದೇ ನಡೀತಿದ್ರೆ ಹೋಗೋದು ಒಂದು. ಮತ್ತೆ ಓಕ್ಲಹೋಮದ ಥರ ಜೋಡಣೆನ ಕೊನೇ ಹಂತಕ್ಕೆ ಮಾತ್ರ ಇಡೋದನ್ನ ನಾನು ಒಪ್ಪಲ್ಲ, ಮೊದಲ ಮೆಟ್ಟಿಲಲ್ಲೇ ಇಳಿದು ಹೋಗೋರಿಗೆ ಅದರ ರುಚಿನೇ ಸಿಗದೆ ಹೋಗುತ್ತೆ. ಪ್ರತಿ ಮೆಟ್ಟಿಲಿಗೂ ಒಂದು ಜೋಡಣೆ ಕೋರ್ಸ್ ಇರಲಿ, ಮೊಟ್ಟಮೊದಲ ಕೋರ್ಸೇ ಅದಾಗಿದ್ರೆ ಇನ್ನೂ ಒಳ್ಳೇದು.

ಅನುಭವಕ್ಕೆ ಕ್ರೆಡಿಟ್ ಅನ್ನೋದರಲ್ಲಿ ನಿಮ್ಮ ಸಹೋದ್ಯೋಗಿಗಳ ಆತಂಕ ನ್ಯಾಯವಾದದ್ದೇ, ಆದ್ರೆ ಅವರು ಹೆದರ್ತಾ ಇರೋದು ತಪ್ಪಾಗಿ ಮಾಡಿದ ರೂಪಕ್ಕೆ. 1974ರಲ್ಲಿ ಅಮೆರಿಕದಲ್ಲಿ ಶುರುವಾದ, ಇವತ್ತು ಸಿಎಇಎಲ್ ಅಂತ ಕರೆಯೋ ಸಂಸ್ಥೆ ಈ ಕ್ಷೇತ್ರಕ್ಕೆ ಹಾಕಿಕೊಟ್ಟ ಮೂಲ ನಿಯಮ ಸರಳವಾಗಿದೆ: ಕ್ರೆಡಿಟ್ ಅನುಭವಕ್ಕಲ್ಲ, ಅನುಭವದಿಂದ ಕಲಿತದ್ದಕ್ಕೆ. 20 ವರ್ಷ ನರ್ಸ್ ಆಗಿದ್ದೆ ಅನ್ನೋದಕ್ಕೆ ಸೊನ್ನೆ ಕ್ರೆಡಿಟ್. ಆ 20 ವರ್ಷದಲ್ಲಿ ಏನು ಕಲಿತೆ, ಅದು ನಿಮ್ಮ ಯಾವ ಕೋರ್ಸಿನ ಯಾವ ಗುರಿಗೆ ಸಮ, ಅದಕ್ಕೆ ಸಾಕ್ಷಿ ಏನು ಅಂತ ಪೋರ್ಟ್‌ಫೋಲಿಯೋ ಬರೆದು, ಆ ವಿಷಯದ ಮೇಷ್ಟ್ರ ಮುಂದೆ ಕೂತು ಉತ್ತರ ಕೊಟ್ರೆ ಮಾತ್ರ. ನನ್ನ ಹತ್ರ ಬಂದ ಒಬ್ಬ ನರ್ಸ್ ಮೊದಲ ಕರಡಿನಲ್ಲಿ ಬರೆದಿದ್ದು ಬರೀ ಪಟ್ಟಿ, ಇಂಥ ವರ್ಷ ಇಂಥ ವಾರ್ಡ್, ಇಂಥ ವರ್ಷ ಇಂಥ ವಾರ್ಡ್. ಶಿಫ್ಟ್ ಬದಲಾಗುವಾಗ ಏನೇನು ಹೇಳಿ ಹೋಗ್ತೀರಿ ಅಂತ ಕೇಳಿದೆ. ಹೇಳ್ತಾ ಹೇಳ್ತಾ, ಹತ್ತು ನಿಮಿಷದಲ್ಲಿ ಯಾವುದನ್ನ ಹೇಳಬೇಕು, ಯಾವುದನ್ನ ಬಿಡಬೇಕು, ಬಿಟ್ಟಿದ್ದರಿಂದ ಒಮ್ಮೆ ಏನು ಎಡವಟ್ಟಾಯ್ತು, ಆಮೇಲೆ ತಾವು ಹೇಳೋ ಕ್ರಮಾನೇ ಹೇಗೆ ಬದಲಾಯಿಸಿದ್ರು, ಹೊಸಬರಿಗೆ ಅದನ್ನ ಹೇಗೆ ಕಲಿಸಿದ್ರು ಎಲ್ಲಾ ಬಂತು. ಸಂವಹನದ ಕೋರ್ಸಲ್ಲಿ ನಾವು ಒಂದು ಸೆಮಿಸ್ಟರ್ ಹೇಳಿಕೊಡೋದು ಅದನ್ನೇ. ಆದ್ರೆ ಅದೇ ಅರ್ಜೀಲಿ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಕೇಳಿದ್ದ ಕ್ರೆಡಿಟ್ ಸಿಗಲಿಲ್ಲ, ಬಜೆಟ್ ವಿಷಯದಲ್ಲಿ ಅವರಿಗೆ ತೋರಿಸೋಕೆ ಏನೂ ಇರಲಿಲ್ಲ. ಇಲ್ಲ ಅಂತ ಹೇಳೋ ಧೈರ್ಯ ನಿಮ್ಮ ಪದ್ಧತಿಗೆ ಇದ್ರೆ ಡಿಗ್ರಿ ಮಾರಾಟದ ಮಾತು ತಾನಾಗೇ ನಿಲ್ಲುತ್ತೆ. ಒಟ್ಟು ಕ್ರೆಡಿಟ್‌ನಲ್ಲಿ ಇದಕ್ಕೊಂದು ಮಿತಿ ಹಾಕಿ, ಜೋಡಣೆ ಕೋರ್ಸ್‌ಗಳಿಗೆ ಮಾತ್ರ ಈ ರಿಯಾಯಿತಿ ಬೇಡ, ಅದು ನಿಮ್ಮಲ್ಲೇ ಕಲಿಯಬೇಕಾದದ್ದು.

ರಚನೆಗೆ ನಿಮ್ಮ ಮುಂದೆ ಮೂರು ದಾರಿ ಇವೆ. ಇರೋ ಪೇಪರ್‌ಗಳಿಂದ ವಿದ್ಯಾರ್ಥಿ ಆರಿಸಿಕೊಳ್ಳೋ ದಾರಿ ಅಗ್ಗ, ಮುಂದಿನ ತಿಂಗಳೇ ಶುರು ಮಾಡಬಹುದು, ಮ್ಯಾನೇಜ್‌ಮೆಂಟ್ ನಿಮ್ಮನ್ನ ತಳ್ಳೋದೂ ಇದಕ್ಕೇ. ಅಪಾಯ ಮೇಲೆ ಹೇಳಿದೆ, ಇದೇ ಕಲಸುಮೇಲೋಗರ.

ಎರಡನೇದು ಕಲಿಕೆಯ ಒಪ್ಪಂದ, ಒಬ್ಬ ವಿದ್ಯಾರ್ಥಿ ಒಬ್ಬ ಮಾರ್ಗದರ್ಶಕರ ಜೊತೆ ಕೂತು ಏನು ಓದಬೇಕು, ಹೇಗೆ ತೋರಿಸಬೇಕು ಅಂತ ತಾವೇ ಬರೆದುಕೊಳ್ಳೋದು. ನ್ಯೂಯಾರ್ಕ್ ರಾಜ್ಯದಲ್ಲಿ 1971ರಲ್ಲಿ ಶುರುವಾದ ಎಂಪೈರ್ ಸ್ಟೇಟ್ ಕಾಲೇಜ್ ಇದನ್ನೇ ಬುನಾದಿ ಮಾಡಿಕೊಂಡು ಬೆಳೀತು. ತನಗೇನು ಬೇಕು ಅಂತ ಗೊತ್ತಿರೋರಿಗೆ ಇದಕ್ಕಿಂತ ಒಳ್ಳೇದಿಲ್ಲ. ಆದ್ರೆ 25 ವರ್ಷ ಪುಸ್ತಕ ಮುಟ್ಟದೆ ಇದ್ದೋರನ್ನ ಮೊದಲ ದಿನ ಕೂರಿಸಿ ನಿಮಗೇನು ಓದಬೇಕು ಹೇಳಿ ಅಂದ್ರೆ ಗಾಬರಿ ಆಗ್ತಾರೆ, ಒಂಟಿ ಆಗ್ತಾರೆ, ಮಾರ್ಗದರ್ಶಕರು ಸೋಮಾರಿ ಆದ್ರೆ ಅಲ್ಲಿಗೆ ಮುಗೀತು.

ಮೂರನೇದು ಒಂದು ವಿಷಯ ಹಿಡಿದು 20-25 ಜನರ ಬ್ಯಾಚ್ ಒಟ್ಟಿಗೆ ಹೋಗೋದು: ನೀರು, ಆರೈಕೆ, ಕೆಲಸ, ವಯಸ್ಸಾಗೋದು ಇಂಥವು, ಎಲ್ಲರ ಬದುಕೂ ಮುಟ್ಟಿರೋವು, ಎರಡು ಮೂರು ಶಿಸ್ತು ಇಲ್ಲದೆ ಅರ್ಥಾನೇ ಆಗದೆ ಇರೋವು. ನನ್ನ ಮತ ಇದಕ್ಕೆ. ಬ್ಯಾಚಲ್ಲಿ ಒಬ್ಬರು ಒಂದು ವಾರ ಬರದಿದ್ರೆ ಇನ್ನೊಬ್ಬರು ಫೋನ್ ಮಾಡಿ ಕೇಳ್ತಾರೆ, ಆ ಫೋನ್ ಕಾಲ್ ಉಳಿಸಿದಷ್ಟು ಜನರನ್ನ ನಮ್ಮ ಯಾವ ಕೌನ್ಸೆಲಿಂಗ್ ಸೆಲ್ಲೂ ಉಳಿಸಿದ್ದು ನಾನು ನೋಡಿಲ್ಲ. ಇದರಲ್ಲಿ ಅಪಾಯ ಎರಡು. ಒಂದು, ಬ್ಯಾಚ್ ತಪ್ಪಿಸಿಕೊಂಡೋರು ವಾಪಸ್ ಎಲ್ಲಿ ಸೇರಬೇಕು ಅನ್ನೋದು, ಅದಕ್ಕೇ ಎಂಟು ವಾರದ ತುಂಡು, ಮುಂದಿನ ಬ್ಯಾಚಿಗೆ ಆ ತುಂಡಿನಲ್ಲೇ ಸೇರಿಕೊಳ್ಳಬಹುದು. ಎರಡನೇದು ಮೇಷ್ಟ್ರುಗಳದ್ದು, ಇದಕ್ಕೆ ಸ್ವಲ್ಪ ಗಟ್ಟಿ ನಿಲ್ಲಬೇಕಾಗುತ್ತೆ ನೀವು. ಇಬ್ಬರು ಒಂದು ಕ್ಲಾಸ್ ತಗೊಂಡ್ರೆ ಆಫೀಸಿನವರು ವರ್ಕ್‌ಲೋಡ್‌ನ ಅರ್ಧರ್ಧ ಹಂಚ್ತಾರೆ, ನಿಜದಲ್ಲಿ ಇಬ್ಬರಿಗೂ ಕೆಲಸ ಒಂದೂವರೆ ಪಟ್ಟು ಇರುತ್ತೆ, ಯಾಕಂದ್ರೆ ಇನ್ನೊಬ್ಬರ ಪಾಠಕ್ಕೂ ಕೂತು, ಅದನ್ನ ಓದಿ, ಒಪ್ಪದೆ ಇರೋ ಕಡೆ ಕ್ಲಾಸಲ್ಲೇ ಮರ್ಯಾದೆಯಿಂದ ಜಗಳ ಆಡಬೇಕು. ನಾನಿದ್ದ ಒಂದು ಕಡೆ ಈ ಅರ್ಧರ್ಧ ಲೆಕ್ಕದಿಂದಲೇ ಎರಡನೇ ವರ್ಷಕ್ಕೆ ಒಳ್ಳೇ ಮೇಷ್ಟ್ರುಗಳೆಲ್ಲ ಕೈಬಿಟ್ರು, ಕೋರ್ಸ್ ಮುಚ್ಚಿ ಹೋಯ್ತು, ಓದ್ತಾ ಇದ್ದ ಜನ ನಡುನೀರಲ್ಲಿ ನಿಂತ್ರು. ಪೂರ್ತಿ ಲೋಡ್ ಇಬ್ಬರಿಗೂ ಅಂತ ಲಿಖಿತವಾಗಿ ಬರೋವರೆಗೆ ಅಡ್ಮಿಷನ್ ಶುರು ಮಾಡಬೇಡಿ, ಇದೊಂದರಲ್ಲಿ ಯಾರು ಏನಂದ್ರೂ ಬಗ್ಗಬೇಡಿ. ಎರಡನೇ ಮೆಟ್ಟಿಲು ದಾಟಿದ ಮೇಲೆ ಆ ಒಪ್ಪಂದದ ದಾರಿನ ಕೊನೇ ಪ್ರಾಜೆಕ್ಟ್‌ಗೆ ತನ್ನಿ, ಆಗ ಅವರು ಅದಕ್ಕೆ ತಯಾರಾಗಿರ್ತಾರೆ.

ಕೆಲಸ ಕೊಡೋರು ಈ ಡಿಗ್ರಿನ ಒಪ್ತಾರಾ ಅಂತ ನೀವು ಕೇಳಿಲ್ಲ, ಆದ್ರೆ ವಿದ್ಯಾರ್ಥಿಗಳು ಕೇಳೇ ಕೇಳ್ತಾರೆ. ಕ್ರೆಡಿಟ್‌ನ ಮೂರನೇ ಒಂದು ಭಾಗ ಒಂದೇ ಶಿಸ್ತಿನಲ್ಲಿ ಇರೋ ಹಾಗೆ ನೋಡಿಕೊಳ್ಳಿ, ಮಾರ್ಕ್ಸ್ ಕಾರ್ಡ್ ಮೇಲೆ ಆ ಶಿಸ್ತಿನ ಹೆಸರು ಬರಲಿ, ಮುಂದೆ ಪಿಜಿಗೆ ಹೋಗೋರಿಗೂ ಅದು ಬೇಕಾಗುತ್ತೆ. ಎಲ್ಲ ವಿಷಯ ಸ್ವಲ್ಪ ಸ್ವಲ್ಪ ಗೊತ್ತು ಅನ್ನೋರ ಮಾತು ಇಂಟರ್‌ವ್ಯೂನಲ್ಲಿ ನಿಲ್ಲಲ್ಲ, ಇದು ನನ್ನ ಬೇರು, ಇಲ್ಲಿಂದ ಅಲ್ಲಿಗೆ ಹೀಗೆ ಹೋಗಬಲ್ಲೆ ಅನ್ನೋರ ಮಾತು ನಿಲ್ಲುತ್ತೆ.

ಮಾರ್ಕ್ಸ್ ಹಾಕೋದರ ಬಗ್ಗೆ ಚಿಕ್ಕದಾಗಿ. ಜೋಡಣೆ ಕೋರ್ಸಿನ ಉತ್ತರ ತಿದ್ದುವಾಗ ನಾನು ಹುಡುಕೋದು ಎರಡು ಶಿಸ್ತಿನ ಹೆಸರು ಬಂದಿದೆಯಾ ಅಂತಲ್ಲ, ಆ ಎರಡು ಎಲ್ಲಿ ಒಂದಕ್ಕೊಂದು ಒಪ್ಪಲ್ಲ, ಯಾಕೆ ಒಪ್ಪಲ್ಲ ಅಂತ ಬರೆದಿದ್ದಾರಾ ಅಂತ. ಅದು ಇದ್ರೆ ಉಳಿದ ತಪ್ಪು ತಿದ್ದಬಹುದು. ಮತ್ತೆ ಮೊದಲ ಅಸೈನ್‌ಮೆಂಟ್ ಒಂದೇ ಪುಟದ್ದಾಗಿರಲಿ, ಹತ್ತು ದಿನದೊಳಗೆ ಕೊಟ್ಟು, ಬಂದ ಮೂರು ದಿನದಲ್ಲಿ ತಿದ್ದಿ ವಾಪಸ್ ಕೊಡಿ. ಇಷ್ಟು ವರ್ಷದ ಅಳುಕು ಹೊತ್ತು ಬಂದೋರಿಗೆ ಏಳು ವಾರ ಯಾವ ಮಾತೂ ಇಲ್ಲದೆ ಕಾಯಿಸಬಾರದು, ಬಸ್ ಯಾವಾಗ ಬರುತ್ತೆ ಅಂತ ಗೊತ್ತಿಲ್ಲದೆ ಕಾಯೋ ಹಾಗೇ ಅದೂ. ಲಾಗಿನ್ ಮಾಡೋದು, ಲೈಬ್ರರೀಲಿ ಲೇಖನ ಹುಡುಕೋದು, ಅದನ್ನ ಪೂರ್ತಿ ಓದದೆ ಸಾರ ಹಿಡಿಯೋದು, ಇವನ್ನ ಬೇರೆ ಬ್ರಿಡ್ಜ್ ಕೋರ್ಸ್ ಅಂತ ಮಾಡಿ ದಡ್ಡರ ಕ್ಲಾಸ್ ಅನ್ನಿಸಬೇಡಿ, ಮೊದಲ ಕೋರ್ಸಿನ ಒಳಗೇ ಸೇರಿಸಿ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ರಲ್ಲ. ಸಿಲಬಸ್ ಕಮಿಟಿ ಕರೆಯೋ ಮೊದಲು, ನೀವು ಸೇರಿಸಿಕೊಳ್ಳಬೇಕು ಅಂತಿರೋ ವಯಸ್ಸಿನ 15 ಜನರನ್ನ ಒಬ್ಬೊಬ್ಬರನ್ನಾಗಿ ಭೇಟಿ ಮಾಡಿ. ಕೋರ್ಸಲ್ಲಿ ಆಸಕ್ತಿ ಇದೆಯಾ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಹೋದ ವಾರ ಸೋಮವಾರದಿಂದ ಭಾನುವಾರದವರೆಗೆ ಯಾವ ಗಂಟೇಲಿ ಏನು ಮಾಡಿದ್ರಿ ಅಂತ ಕೇಳಿ, ಬರೆದುಕೊಳ್ಳಿ. ಆ 15 ಹಾಳೆನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಖಾಲಿ ಗಂಟೆಗಳಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ನಿಮ್ಮ ಟೈಮ್‌ಟೇಬಲ್ ಅದೇ. ಆ ಹಾಳೆಗಳನ್ನ ಕಮಿಟಿಗೂ ತಗೊಂಡು ಹೋಗಿ, ಮರ ಬಗ್ಗಲ್ಲ ಅಂದ ಸಹೋದ್ಯೋಗಿ ಕೈಗೂ ಒಂದು ಕೊಡಿ, ಅವರ ಪಾಠ ಆ ಕೆಂಪು ಸುತ್ತಿನೊಳಗೆ ಹೇಗೆ ಕೂರುತ್ತೆ ಅಂತ ಅವರನ್ನೇ ಕೇಳಿ.